ತಂತಿಯನ್ನು ಬಿಟ್ಟು ಆಕಾಶವನ್ನು ನೆಚ್ಚುವಾಗ

ಮನೆಗೆ ಹೊಸ ವಸ್ತುವೊಂದನ್ನು ತರುವಾಗ ಅದರ ಬೆಲೆಯನ್ನು ವಿಚಾರಿಸುವವರು ಬಹಳ. ಅದು ಮನೆಯಲ್ಲಿ ಯಾರ ಹೊತ್ತನ್ನು ಕೊಂಡುಕೊಳ್ಳುತ್ತದೆಂದು ವಿಚಾರಿಸುವವರು ವಿರಳ. ದೂರದರ್ಶನದ ವಿಷಯದಲ್ಲಂತೂ ಈ ಮಾತು ಅಕ್ಷರಶಃ ನಿಜ. ಕೇಬಲ್ ತಂತಿಯನ್ನು ಕಿತ್ತುಹಾಕಿ ಮಾಳಿಗೆಯ ಮೇಲೆ ಡಿಶ್ ಕೂಡಿಸಿಕೊಳ್ಳಬೇಕೆಂದಿರುವ ಗೃಹಸ್ಥರು ಭೆಟ್ಟಿಯಾದಾಗಲೆಲ್ಲ, “ಯಾವ ಕಂಪನಿಯದು ಒಳ್ಳೆಯದು?” ಎಂದು ಕೇಳುತ್ತಾರೆ. ವ್ಯಾಕರಣ ಶಾಸ್ತ್ರದಲ್ಲಿ ಆಯುಷ್ಯ ಕಳೆದ ನಮ್ಮನ್ನು ಈ ಪ್ರಶ್ನೆ ಕೇಳುವುದು ವಿಚಿತ್ರವೇ ಸರಿ. ಆದರೆ ಕಳೆದ ಮಳೆಗಾಲದ ತರುವಾಯ ಧಾರವಾಡದ ನಮ್ಮ ಮನೆಯಲ್ಲಿಯೂ ಇದೇ ಬದಲಾವಣೆ ನಡೆದುದರಿಂದ, ಆಗ ನಾಲ್ಕು ಜನರಲ್ಲಿ ವಿಚಾರಿಸಿ ತಿಳಿದ ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿತು.

ಉಪಗ್ರಹದಿಂದ ನೇರವಾಗಿ ಚಿತ್ರ ಇಳಿದುಬರುವುದು ನಮ್ಮ ನಾಡಿಗೆ ಹೊಸತೇನಲ್ಲ. ಕೇಬಲ್ ತಂತಿ ನಮ್ಮ ಓಣಿಗಳನ್ನು ಪ್ರವೇಶಿಸುವುದಕ್ಕೆ ಎಷ್ಟೋ ಮೊದಲು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ನಾಸಾ ಸಂಸ್ಥೆ ಎರವಲಾಗಿ ಒದಗಿಸಿದ ಎಟಿಎಸ್-6 ಎಂಬ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ಕರ್ನಾಟಕದಲ್ಲಿ ಅಂದಿನ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಆ ಭಾಗ್ಯವನ್ನು ಪಡೆದವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದುದು 1981ರ ನವೆಂಬರ್ 1ರಂದು ಎಂಬುದನ್ನು ನೆನೆದರೆ, ರಾಜಧಾನಿಗಿಂತ ಮೊದಲೇ ಬಿಸಿಲುನಾಡಿನ ಹಳ್ಳಿಗರು ಉಪಗ್ರಹದ ಚಿತ್ರವನ್ನು ಕಂಡರೆಂಬುದು ಸ್ಪಷ್ಟವಾಗುತ್ತದೆ. ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಮಾಡಿದ ಹತ್ತು ಅಡಿ ಅಗಲದ ಡಿಶ್, ಊರಿಗೆ ಒಂದೇ ಪೆಟ್ಟಿಗೆ, ಅದರ ಮುಂದೆ ಇಡೀ ಊರು. ಈ ಚಿತ್ರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ; ಮುಂದೆ ಅದರಿಂದ ಪ್ರಯೋಜನವಿದೆ.

ಕೇಬಲ್ ಬಂದುದು 1990ರ ದಶಕದ ಆದಿಯಲ್ಲಿ. 1991ರ ಕೊಲ್ಲಿಯುದ್ಧದ ದೃಶ್ಯಗಳನ್ನು ನೋಡುವ ಕುತೂಹಲದಿಂದ ನಗರಗಳಲ್ಲಿ ಹಬ್ಬಿದ ಈ ತಂತಿ, 1994ರಲ್ಲಿ ಉದಯ ವಾಹಿನಿ ಆರಂಭವಾದ ಮೇಲೆ ಕನ್ನಡದ ಮನೆಗಳಲ್ಲಿ ಬೇರೂರಿತು. 1995ರಲ್ಲಿ ಕೇಬಲ್ ಜಾಲಗಳಿಗೆ ಸಂಬಂಧಿಸಿದ ಕಾಯಿದೆ ಜಾರಿಗೆ ಬಂತು. ಮನೆಗೆ ನೇರವಾಗಿ ಉಪಗ್ರಹ ಸೇವೆ ಒದಗಿಸಲು ಕೇಂದ್ರ ಸರಕಾರವು 2000ದಲ್ಲಿ ಅನುಮತಿಯಿತ್ತಿತು. 2003ರಲ್ಲಿ ಡಿಶ್ ಟಿವಿ, 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಉಚಿತ ಸೇವೆಯಾದ ಡಿಡಿ ಡೈರೆಕ್ಟ್ ಪ್ಲಸ್, 2006ರಲ್ಲಿ ಟಾಟಾ ಸ್ಕೈ, 2007ರಲ್ಲಿ ಸನ್ ಡೈರೆಕ್ಟ್, 2008ರಲ್ಲಿ ಏರ್‌ಟೆಲ್, 2009ರಲ್ಲಿ ವಿಡಿಯೋಕಾನ್ ಡಿ2ಎಚ್ ಹೀಗೆ ಒಂದರ ಹಿಂದೊಂದು ಸೇವೆಗಳು ಬಂದವು. ದೂರದರ್ಶನದ ಸೇವೆಗೆ ಈಗ ಡಿಡಿ ಫ್ರೀ ಡಿಶ್ ಎಂಬ ಹೆಸರು. ಟಾಟಾ ಸ್ಕೈ 2022ರಲ್ಲಿ ಟಾಟಾ ಪ್ಲೇ ಎನಿಸಿತು. ಡಿಶ್ ಟಿವಿ ಮತ್ತು ಡಿ2ಎಚ್ 2018ರಲ್ಲಿ ಒಂದೇ ಸಂಸ್ಥೆಯಾದವು.

ಇಲ್ಲಿ ಬಹುಜನರ ಮನಸ್ಸಿನಲ್ಲಿರುವ ಒಂದು ಭ್ರಮೆಯನ್ನು ನಿವಾರಿಸುವುದು ಅವಶ್ಯ. ಕೇಬಲ್ ನೆಲದ್ದು, ಡಿಶ್ ಆಕಾಶದ್ದು ಎಂದು ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಕೇಬಲ್ ಮೂಲಕ ಬರುವ ವಾಹಿನಿಗಳೂ ಮೊದಲು ಆಕಾಶದಿಂದಲೇ ಇಳಿಯುತ್ತವೆ. ಕೇಬಲ್ ಸಂಸ್ಥೆಯವರ ಮುಖ್ಯ ಕೇಂದ್ರದ ಮೇಲೆ ಎಂಟು, ಹತ್ತು, ಹನ್ನೆರಡು ಅಡಿ ಅಗಲದ ಡಿಶ್‌ಗಳಿರುತ್ತವೆ. ಅಲ್ಲಿ ಹಿಡಿದುದನ್ನು ತಂತಿಯಲ್ಲಿ ಹರಿಸಿ ಓಣಿ ಓಣಿಗೆ ಮುಟ್ಟಿಸುತ್ತಾರೆ. ಹಾಗಾದರೆ ತಂತಿಯನ್ನು ಬಿಡುವುದೆಂದರೆ ನಡುವಿನ ಒಬ್ಬನನ್ನು ಬಿಟ್ಟು ನಾವೇ ನಮ್ಮ ಮಾಳಿಗೆಯ ಮೇಲೆ ಸಣ್ಣದೊಂದು ಕೇಂದ್ರವನ್ನು ಮಾಡಿಕೊಳ್ಳುವುದೆಂದು ಅರ್ಥ. ಅದರ ಲಾಭವೂ ನಮ್ಮದು, ಹೊಣೆಯೂ ನಮ್ಮದು.

ಕೇಬಲ್‌ನಲ್ಲಿ ಬಾಕ್ಸಿನ ಕಾಟವಿಲ್ಲವೆಂಬ ಮಾತೂ ಈಗ ಉಳಿದಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ 2013ರ ಮಾರ್ಚ್ 31ರ ಗಡುವಿನೊಡನೆ, ಉಳಿದೆಡೆ 2017ರ ಮಾರ್ಚ್ 31ರ ಕೊನೆಯ ಗಡುವಿನೊಡನೆ ಹಳೆಯ ಪದ್ಧತಿಯ ಕೇಬಲ್ ಪ್ರಸಾರ ಮುಗಿಯಬೇಕೆಂದು ನಿಯಮವಾದುದರಿಂದ, ಅಲ್ಲಿಯೂ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. ದರದ ವಿಷಯವೂ ಅಷ್ಟೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2019ರ ಫೆಬ್ರುವರಿ 1ರಿಂದ ಕೇಬಲ್ ಮತ್ತು ಡಿಶ್ ಎರಡಕ್ಕೂ ಒಂದೇ ಬಗೆಯ ಲೆಕ್ಕವನ್ನು ಗೊತ್ತುಮಾಡಿತು. ಜಾಲಶುಲ್ಕವೊಂದು, ಆರಿಸಿಕೊಂಡ ಹಣದ ವಾಹಿನಿಗಳ ದರವೊಂದು, ಇವೆರಡರ ಮೇಲೆ ಶೇಕಡಾ 18ರಷ್ಟು ತೆರಿಗೆ. ಅಂದು 130 ರೂಪಾಯಿಗೆ ಮಿತಿಗೊಳಿಸಿದ್ದ ಮೊದಲ ನೂರು ವಾಹಿನಿಗಳ ಜಾಲಶುಲ್ಕದ ನಿಯಮವು ಬಳಿಕ ಬದಲಾಗುತ್ತ ಬಂದು, 2024ರ ಜುಲೈನಲ್ಲಿ ಮಿತಿಯನ್ನೇ ತೆಗೆದು ಶುಲ್ಕದ ನಿರ್ಧಾರವನ್ನು ಸೇವೆಯವರಿಗೆ ಬಿಡಲಾಯಿತು. ಲೆಕ್ಕದ ರೀತಿ ತಿಳಿಯಲೆಂದು ಒಂದು ಉದಾಹರಣೆ: ಜಾಲಶುಲ್ಕ 130 ರೂಪಾಯಿ ಎಂದೂ, 19 ರೂಪಾಯಿ ದರದ ನಾಲ್ಕು ವಾಹಿನಿಗಳೆಂದೂ ಹಿಡಿದರೆ 206 ರೂಪಾಯಿ, ಅದರ ಮೇಲೆ ತೆರಿಗೆ 37 ರೂಪಾಯಿ 8 ಪೈಸೆ, ಒಟ್ಟು 243 ರೂಪಾಯಿ 8 ಪೈಸೆ. ಆದ್ದರಿಂದ ತಿಂಗಳ ಖರ್ಚನ್ನು ತೀರ ಕಡಿಮೆ ಮಾಡಬೇಕೆಂಬ ಒಂದೇ ಆಸೆಯಿಂದ ಕೇಬಲ್ ಬಿಡುವವರು ನಿರಾಶರಾಗುವ ಸಂಭವವೇ ಹೆಚ್ಚು. ಬಿಡುವುದಕ್ಕೆ ಬೇರೆ ಕಾರಣವಿರಬೇಕು.

ನಮಗೆ ಅಂತಹ ಕಾರಣವಿತ್ತು. ನಮ್ಮ ಮನೆಯಲ್ಲಿ ಎಂಬತ್ತೆರಡು ವರ್ಷದ ಅಕ್ಕನವರಿದ್ದಾರೆ. ನಮ್ಮನ್ನು ಎತ್ತಿ ಆಡಿಸಿದವರು. ಮೊಣಕಾಲಿನ ಬೇನೆಯಿಂದ ಹೊಸ್ತಿಲು ದಾಟುವುದು ಅವರಿಗೆ ಕಷ್ಟ. ಜಾತ್ರೆ, ಉತ್ಸವ, ಪ್ರವಚನ, ಊರ ಸುದ್ದಿ ಎಲ್ಲವೂ ಅವರ ಪಾಲಿಗೆ ಪಡಸಾಲೆಯ ಆ ಪೆಟ್ಟಿಗೆಯೊಳಗೇ ಇವೆ. ಕಳೆದ ಮಳೆಗಾಲದಲ್ಲಿ ಮರದ ಟೊಂಗೆ ಬಿದ್ದು ಹರಿದ ತಂತಿಯನ್ನು ಜೋಡಿಸಲು ಹನ್ನೊಂದು ದಿನ ಹಿಡಿಯಿತು. ಓಣಿಯ ತಂತಿಯನ್ನು ಈಚೆಗೆ ಕೊಂಡುಕೊಂಡ ಸಂಸ್ಥೆಯ ಕಚೇರಿಯಲ್ಲಿ ದೂರವಾಣಿ ಎತ್ತುವವರೇ ಇರಲಿಲ್ಲ. ತಿಂಗಳ ಹಣ ಮಾತ್ರ ಪೂರ್ತಿಯಾಗಿ ವಸೂಲಾಯಿತು. ಹಣ ಹೋದುದು ದೊಡ್ಡದಲ್ಲ. ಆ ಹನ್ನೊಂದು ದಿನ ಅಕ್ಕನವರು ಸಂಜೆಯಾಗುತ್ತಲೇ ಹಾಸಿಗೆ ಹಿಡಿದು ಗೋಡೆಯ ಕಡೆಗೆ ಮುಖಮಾಡಿ ಮಲಗುತ್ತಿದ್ದರು. ಮನೆಯವರೆಲ್ಲರ ಕಣ್ಣಿಗೆ ಬಿದ್ದ ಸಂಗತಿ ಅದು. ಬದಲಾವಣೆಗೆ ಅದೇ ಪ್ರೇರಣೆಯಾಯಿತು.

ಯಾವ ಸೇವೆ ಎಂಬ ಪ್ರಶ್ನೆಗೆ ಮೊದಲು ಯಾರಿಗಾಗಿ, ಯಾವುದಕ್ಕಾಗಿ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ನಾವು ಪಡಸಾಲೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಹದಿನೈದು ದಿನ ಯಾರು ಯಾವ ವಾಹಿನಿಯನ್ನು ಎಷ್ಟು ಹೊತ್ತು ನೋಡಿದರೆಂಬುದನ್ನು ಅವರವರೇ ಬರೆಯಬೇಕೆಂದು ಸೂಚಿಸಿದೆವು. ಇನ್ನೂರಕ್ಕೂ ಮಿಕ್ಕಿದ ವಾಹಿನಿಗಳಲ್ಲಿ ಆ ಹಾಳೆಯ ಮೇಲೆ ಬಂದವು ಒಂಬತ್ತು ಮಾತ್ರ. ಮಗನಿಗೆ ಸುದ್ದಿ, ಮೊಮ್ಮಗನಿಗೆ ಕ್ರಿಕೆಟ್ಟು, ಸೊಸೆಗೆ ರಜೆಯ ದಿನದ ಹಳೆಯ ಚಲನಚಿತ್ರ. ಅಕ್ಕನವರ ವಾಹಿನಿಗಳು ಎರಡೇ, ಆದರೆ ಗಂಟೆಗಳ ಲೆಕ್ಕದಲ್ಲಿ ಅವರದೇ ಹೆಚ್ಚು. ಅದರಲ್ಲಿ ಒಂದು ದೂರದರ್ಶನದ ಚಂದನ. ಇಂತಹ ಹಾಳೆಯೊಂದು ಕೈಯಲ್ಲಿದ್ದರೆ ಅಂಗಡಿಯವನ ಬಾಯಿಮಾತಿಗೆ ಮರುಳಾಗುವ ಪ್ರಸಂಗ ಬರುವುದಿಲ್ಲ. ಹಲವು ವಾಹಿನಿಗಳನ್ನು ಒಟ್ಟುಗೂಡಿಸಿದ ಗುಚ್ಛಗಳು ಅಗ್ಗವೆಂದು ತೋರುತ್ತವೆ. ಬೇಕಾದ ಐದನ್ನು ಬಿಡಿಬಿಡಿಯಾಗಿ ಕೊಂಡರೆ ಎಷ್ಟು, ಗುಚ್ಛವಾಗಿ ಕೊಂಡರೆ ಎಷ್ಟು ಎಂದು ಕಾಗದದ ಮೇಲೆ ಕೂಡಿಸಿ ನೋಡಿದ ಬಳಿಕವೇ ಒಪ್ಪಬೇಕು. ಎರಡನೆಯ ಟಿವಿಗೆ ಬೇರೆ ಬಾಕ್ಸು, ಬೇರೆ ಶುಲ್ಕ ಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು.

ತಿಂಗಳ ಹಣವಿಲ್ಲದ ಡಿಡಿ ಫ್ರೀ ಡಿಶ್ ಬಡವರ, ಹಳ್ಳಿಗರ, ತೋಟದ ಮನೆಯವರ ಪಾಲಿಗೆ ದೊಡ್ಡ ಉಪಕಾರ. ಡಿಶ್ ಮತ್ತು ಬಾಕ್ಸಿಗೆ ಒಮ್ಮೆ ಹಣ ತೆತ್ತರೆ ಮುಗಿಯಿತು. ಚಂದನ ವಾಹಿನಿ ಅದರಲ್ಲಿ ಲಭ್ಯ. ಚಂದನದ ಕಾರ್ಯಕ್ರಮಗಳಷ್ಟೇ ಸಾಕೆನ್ನುವ ಮನೆಗೆ ಇದಕ್ಕಿಂತ ಮಿಗಿಲಾದುದಿಲ್ಲ. 2002ರಲ್ಲಿ ಆ ವಾಹಿನಿಯಲ್ಲಿ ಆರಂಭವಾದ, ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ ‘ಥಟ್ ಅಂತ ಹೇಳಿ’ ರಸಪ್ರಶ್ನೆಯಂತಹ, ಗೆದ್ದವರಿಗೆ ಪುಸ್ತಕವನ್ನು ಕೊಡುವ ಕಾರ್ಯಕ್ರಮವನ್ನು ನೋಡಲು ಯಾರೂ ತಿಂಗಳ ಹಣ ಕೊಡಬೇಕಾಗಿರಲಿಲ್ಲ. ಆದರೆ ಖಾಸಗಿಯವರ ಜನಪ್ರಿಯ ಕನ್ನಡ ಧಾರಾವಾಹಿಗಳು ಬೇಕೆನ್ನುವವರು, ತಮಗೆ ಬೇಕಾದ ವಾಹಿನಿ ಆ ಉಚಿತ ಪಟ್ಟಿಯಲ್ಲಿ ಇದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು. ಮನೆಗೆ ತಂದು ಕೂಡಿಸಿದ ಮೇಲೆ ಹಳಹಳಿಸಿ ಫಲವಿಲ್ಲ.

ಎರಡನೆಯದಾಗಿ ನೋಡಬೇಕಾದುದು ನಮ್ಮ ಮಾಳಿಗೆಯ ದಿಕ್ಕು. ಈ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ಗತಿಯಲ್ಲಿಯೇ ತಿರುಗುವುದರಿಂದ ನಮ್ಮ ಕಣ್ಣಿಗೆ ಒಂದೇ ಸ್ಥಾನದಲ್ಲಿ ನಿಂತಂತಿರುತ್ತವೆ. ನಮ್ಮ ದೇಶದ ಜಿಸ್ಯಾಟ್ ಉಪಗ್ರಹಗಳನ್ನು ಹಗಲಿರುಳು ಕಾಯುವ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲಿಯೇ ಇದೆ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಟಾಟಾ ಪ್ಲೇ ಬಳಸುವ ಉಪಗ್ರಹಗಳು 83 ಡಿಗ್ರಿ ಪೂರ್ವರೇಖಾಂಶದಲ್ಲಿಯೂ, ಡಿಡಿ ಫ್ರೀ ಡಿಶ್ ಬಳಸುವ ಜಿಸ್ಯಾಟ್-15 ಉಪಗ್ರಹವು 93.5 ಡಿಗ್ರಿಯಲ್ಲಿಯೂ ಇವೆ. ಧಾರವಾಡದಿಂದ ನೋಡಿದರೆ ಮೊದಲನೆಯ ಸ್ಥಾನವು ದಕ್ಷಿಣದಿಂದ ತುಸು ಪೂರ್ವಕ್ಕೆ ಸುಮಾರು 70 ಡಿಗ್ರಿ ಎತ್ತರದಲ್ಲಿಯೂ, ಎರಡನೆಯದು ಹೆಚ್ಚುಕಡಿಮೆ ಆಗ್ನೇಯ ದಿಕ್ಕಿನಲ್ಲಿ ಸುಮಾರು 62 ಡಿಗ್ರಿ ಎತ್ತರದಲ್ಲಿಯೂ ಬರುತ್ತವೆ. ಎಂದರೆ, ಹಿರಿಯರು ಅಡುಗೆಮನೆಗೆಂದು ಮೀಸಲಿಟ್ಟ ಆಗ್ನೇಯ ಮೂಲೆಯ ಆಕಾಶ ಬಯಲಾಗಿರಬೇಕು. ಅಲ್ಲಿ ನೆರೆಮನೆಯವರ ಮೂರನೆಯ ಅಂತಸ್ತು ಏಳುತ್ತಿದ್ದರೆ ಅಥವಾ ಎಳೆಯ ತೆಂಗಿನ ಸಸಿಯಿದ್ದರೆ ಐದು ವರ್ಷದ ಮುಂದಿನ ಮಾತನ್ನೂ ಆಲೋಚಿಸಬೇಕು. ಡಿಶ್ ನೋಡಲು ಅಷ್ಟಾಗಿ ಮೇಲೆ ಮುಖಮಾಡಿದಂತೆ ಕಾಣುವುದಿಲ್ಲ. ಕೆಳಗಿನಿಂದ ಚಾಚಿದ ತೋಳಿನ ತುದಿಯಲ್ಲಿ ಎಲ್‌ಎನ್‌ಬಿ ಕುಳಿತಿರುವ ಈ ರಚನೆಯಲ್ಲಿ ತಟ್ಟೆಯ ಮುಖಕ್ಕಿಂತ ಇನ್ನೂ ಮೇಲಿನಿಂದ ಅಲೆಗಳು ಬರುತ್ತವೆ. ಆದುದರಿಂದ ಕಣ್ಣಂದಾಜು ಸಾಲದು. ಕೂಡಿಸಲು ಬಂದವನಿಂದ ಅಳೆಯಿಸಿ, ಸಂಕೇತದ ಬಲವನ್ನು ಟಿವಿ ಪರದೆಯ ಮೇಲೆ ನಾವೇ ನೋಡಿ ಬರೆದಿಟ್ಟುಕೊಳ್ಳಬೇಕು. ಮುಂದೆ ಚಿತ್ರ ಕೆಟ್ಟಾಗ ತಟ್ಟೆ ಅಲುಗಿದೆಯೋ ಇಲ್ಲವೋ ಎಂಬುದನ್ನು ಆ ಅಂಕಿ ಹೇಳುತ್ತದೆ.

ಮೂರನೆಯದು ಮಳೆ. ಮನೆಯ ಡಿಶ್‌ಗೆ ಬರುವ ಅಲೆಗಳ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಕೇಬಲ್ ಕೇಂದ್ರದ ದೊಡ್ಡ ಡಿಶ್‌ಗಳಿಗೆ ಬರುವವು ಸುಮಾರು ಏಳೂವರೆ ಸೆಂಟಿಮೀಟರ್. ಗಿಡ್ಡ ಅಲೆಯನ್ನು ಮಳೆಹನಿಗಳು ಹೆಚ್ಚು ಹೀರುತ್ತವೆ. ಆದ್ದರಿಂದ ಜೋರು ಮಳೆಯಲ್ಲಿ ಡಿಶ್‌ನ ಚಿತ್ರ ಚೂರುಚೂರಾಗಿ ಕೆಲವು ನಿಮಿಷ ನಿಂತುಬಿಡುವುದು ಸಹಜ. ಅದು ಯಂತ್ರದ ದೋಷವಲ್ಲ. ಮಲೆನಾಡು, ಕರಾವಳಿಯ ಬಂಧುಗಳು ತುಸು ದೊಡ್ಡ ತಟ್ಟೆಯನ್ನು ಕೇಳಿ ಹಾಕಿಸಿಕೊಂಡರೆ ಈ ತೊಂದರೆ ಕಡಿಮೆಯಾಗುತ್ತದೆ. ಕೇಬಲ್‌ಗೆ ಮಳೆಯ ಈ ಕಾಟ ಕಡಿಮೆ, ನಿಜ. ಆದರೆ ಅದಕ್ಕೆ ಗಾಳಿ, ಸಿಡಿಲು, ಟೊಂಗೆ ಮತ್ತು ದಾರಿಯುದ್ದಕ್ಕೂ ಬೇಕಾಗುವ ವಿದ್ಯುತ್ತಿನ ಕಾಟವಿದೆ. ಡಿಶ್‌ನ ಮನೆಯಲ್ಲಿ ಇನ್ವರ್ಟರ್ ಇದ್ದರೆ ಸಾಕು, ಓಣಿಯೆಲ್ಲ ಕತ್ತಲಾದರೂ ಚಿತ್ರ ಬರುತ್ತದೆ. ಹತ್ತು ನಿಮಿಷದ ಅಡಚಣೆ ಬೇಕೋ ಹನ್ನೊಂದು ದಿನದ ಅಡಚಣೆ ಬೇಕೋ ಎಂಬುದು ನಮ್ಮ ಮುಂದಿದ್ದ ಪ್ರಶ್ನೆಯಾಗಿತ್ತು, ಉತ್ತರ ಕಠಿಣವಾಗಿರಲಿಲ್ಲ.

ನಾಲ್ಕನೆಯ ಮಾತು ಬಂಧನದ್ದು. ಒಂದು ಸೇವೆಯ ಬಾಕ್ಸು ಇನ್ನೊಂದು ಸೇವೆಗೆ ವ್ಯವಹಾರದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವರ್ಷಗಟ್ಟಲೆ ಹಣವನ್ನು ಮುಂಗಡವಾಗಿ ತೆತ್ತರೆ ಸಿಗುವ ರಿಯಾಯಿತಿ ಆಕರ್ಷಕವಾಗಿದ್ದರೂ, ಸೇವೆಯೇ ನಿಂತುಹೋದ ಉದಾಹರಣೆ ನಮ್ಮ ದೇಶದಲ್ಲಿ ಉಂಟು. ಮೊದಲ ಆರು ತಿಂಗಳು ತಿಂಗಳ ಲೆಕ್ಕದಲ್ಲಿಯೇ ನಡೆಸಿ, ಒಂದು ಮಳೆಗಾಲವನ್ನು ಕಂಡ ಬಳಿಕ ದೀರ್ಘಾವಧಿಯ ಮಾತನ್ನು ಆಲೋಚಿಸುವುದು ಜಾಣತನ. ಊರಿಗೆ ಹೋಗುವಾಗ ಸೇವೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲು ಕೇಳುವ ಹಕ್ಕೂ ಗ್ರಾಹಕರಿಗಿದೆ.

ಇನ್ನು ರೆಕಾರ್ಡರ್ ವಿಚಾರ. 1987-88ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದ ಕಾಲದಲ್ಲಿ ಅನುಕೂಲವಂತರು ವಿಸಿಆರ್ ಯಂತ್ರದಲ್ಲಿ ಮೂರು ತಾಸಿನ ಟೇಪು ಹಾಕಿ ಮುದ್ರಿಸಿಕೊಳ್ಳುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. 2008ರಲ್ಲಿ ಟಾಟಾ ಸ್ಕೈ ಪ್ಲಸ್ ಎಂಬ ಹೆಸರಿನಲ್ಲಿ, ಬಾಕ್ಸಿನೊಳಗೇ ಹಾರ್ಡ್ ಡಿಸ್ಕ್ ಇರುವ ರೆಕಾರ್ಡರ್ ನಮ್ಮ ದೇಶದಲ್ಲಿ ಬಂತು. ಟೇಪು ಬದಲಿಸುವ ರಗಳೆಯಿಲ್ಲ. ದಿನದ ಕಾರ್ಯಕ್ರಮಪಟ್ಟಿಯನ್ನು ಪರದೆಯ ಮೇಲೆ ತೆರೆದು ಒಂದು ಗುಂಡಿ ಒತ್ತಿದರೆ, ಆ ಹೊತ್ತಿಗೆ ತಾನೇ ಮುದ್ರಿಸಿಕೊಳ್ಳುತ್ತದೆ. ಈಗ ಅಂತರ್ಜಾಲದ ಮೂಲಕ ಹಿಂದಿನ ಕಾರ್ಯಕ್ರಮಗಳನ್ನು ತೋರಿಸುವ ಬಾಕ್ಸುಗಳು ಬಂದಿರುವುದರಿಂದ ಇಂತಹ ರೆಕಾರ್ಡರ್ ಎಲ್ಲ ಅಂಗಡಿಗಳಲ್ಲಿಯೂ ಸಿಗುವುದಿಲ್ಲ, ಕೇಳಿಯೇ ಕೊಳ್ಳಬೇಕು. ಕೆಲವು ಬಾಕ್ಸುಗಳಿಗೆ ಹೊರಗಿನಿಂದ ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಅದರಲ್ಲಿ ಮುದ್ರಣವಾಗುತ್ತದೆ. ಮನೆಯಲ್ಲಿ ಅಂತರ್ಜಾಲ ಚೆನ್ನಾಗಿದ್ದು, ಅದನ್ನು ಬಳಸಬಲ್ಲ ಕಿರಿಯರಿದ್ದರೆ ರೆಕಾರ್ಡರ್ ಇಲ್ಲದೆಯೂ ನಡೆದೀತು. ಪ್ರಸಾರ ಭಾರತಿಯೇ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ತನ್ನ ಅಂತರ್ಜಾಲ ಸೇವೆಯನ್ನು ಆರಂಭಿಸಿತು. ಆದರೆ ಎಂಬತ್ತು ದಾಟಿದವರ ಕೈಗೆ ಗುಂಡಿಗಳು ಕಡಿಮೆಯಿದ್ದಷ್ಟೂ ಒಳ್ಳೆಯದು.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಮೂರು. ಒಂದು, ಒಂದು ವಾಹಿನಿಯನ್ನು ನೋಡುತ್ತಿರುವಾಗಲೇ ಇನ್ನೊಂದನ್ನು ಮುದ್ರಿಸಬಹುದೇ? ಅದಕ್ಕೆ ಬಾಕ್ಸಿನೊಳಗೆ ಎರಡು ಟ್ಯೂನರ್‌ಗಳಿರಬೇಕು. ಸಾಮಾನ್ಯವಾಗಿ ಡಿಶ್‌ನಿಂದ ಎರಡು ವಯರುಗಳನ್ನು ಇಳಿಸಬೇಕಾಗುತ್ತದೆ. ಎರಡು, ಎಷ್ಟು ಗಂಟೆ ಹಿಡಿಯುತ್ತದೆ? ಸಾಮಾನ್ಯ ಚಿತ್ರಕ್ಕೆ ಗಂಟೆಗೆ ಸುಮಾರು ಒಂದು ಜಿಬಿ, ಎಚ್‌ಡಿ ಚಿತ್ರಕ್ಕೆ ಸುಮಾರು ಮೂರು ಜಿಬಿ ಎಂದು ಹಿಡಿದರೆ, 500 ಜಿಬಿಯ ಡಿಸ್ಕ್‌ನಲ್ಲಿ ಸಾಮಾನ್ಯ ಚಿತ್ರ ಐನೂರು ಗಂಟೆಯಷ್ಟು, ಎಚ್‌ಡಿ ನೂರ ಅರವತ್ತಾರು ಗಂಟೆಯಷ್ಟು ಹಿಡಿಯುತ್ತದೆ. ಮೂರು, ಮುದ್ರಿಸಿದ್ದನ್ನು ಬೇರೆಡೆ ನೋಡಬಹುದೇ? ಹಣದ ಸೇವೆಗಳಲ್ಲಿ ಮುದ್ರಣಕ್ಕೆ ಬೀಗವಿರುತ್ತದೆ. ಅದೇ ಬಾಕ್ಸಿನಲ್ಲಿ ಮಾತ್ರ ಕಾಣುತ್ತದೆ. ಅನೇಕ ಕಡೆ ಚಂದಾ ನಿಂತರೆ ಮುದ್ರಿಸಿದ್ದೂ ಕಾಣುವುದಿಲ್ಲ. ಆದುದರಿಂದ ಮೊಮ್ಮಕ್ಕಳಿಗಾಗಿ ಹತ್ತು ವರ್ಷ ಕಾಪಾಡಿಡುವ ಭಂಡಾರವೆಂದು ಇದನ್ನು ಭಾವಿಸಬಾರದು. ಇದು ಬೀಸಿಟ್ಟ ಹಿಟ್ಟು. ವಾರದಲ್ಲಿ ರೊಟ್ಟಿ ಮಾಡಿ ಮುಗಿಸಬೇಕು. ಮಳೆಯಲ್ಲಿ ಚಿತ್ರ ನಿಂತರೆ ಮುದ್ರಣದಲ್ಲಿಯೂ ಅಷ್ಟು ಭಾಗ ಖಾಲಿಯಾಗುತ್ತದೆ, ವಿದ್ಯುತ್ತು ಹೋದರೆ ಮುದ್ರಣವೇ ಇಲ್ಲ ಎಂಬ ಎರಡು ಮಾತುಗಳನ್ನೂ ಗಮನದಲ್ಲಿಡಬೇಕು.

ರೆಕಾರ್ಡರ್ ಭೋಗದ ವಸ್ತುವೆಂದು ಮೂಗು ಮುರಿಯುವವರಿದ್ದಾರೆ. 2020ರಲ್ಲಿ ಕೊರೊನಾ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಪಾಠಗಳು ಪ್ರಸಾರವಾದವು. ಪ್ರತಿ ತರಗತಿಗೆ ಗೊತ್ತಾದ ಒಂದು ಹೊತ್ತು. ಆ ಹೊತ್ತಿಗೆ ಹೊಲಕ್ಕೆ ಬುತ್ತಿ ಒಯ್ಯಬೇಕಾದ ಹುಡುಗಿಗೆ, ಅಣ್ಣ ತಂಗಿ ಇಬ್ಬರ ಪಾಠಗಳ ನಡುವೆ ಒಂದೇ ಟಿವಿ ಇದ್ದ ಮನೆಗೆ, ತಪ್ಪಿದ ಪಾಠವನ್ನು ಸಂಜೆ ಮತ್ತೆ ನೋಡುವ ಅನುಕೂಲ ಎಷ್ಟು ದೊಡ್ಡದಾಗುತ್ತಿತ್ತೆಂಬುದನ್ನು ಊಹಿಸಬಹುದು. ಹೊತ್ತು ತಪ್ಪಿದವರಿಗೆ ಹೊತ್ತನ್ನು ಮರಳಿ ಕೊಡುವ ಸಾಧನವನ್ನು ಭೋಗವೆಂದು ಕರೆಯಲಾಗದು. ಉಪಯೋಗಿಸುವವರ ಉದ್ದೇಶವೇ ಅದರ ಯೋಗ್ಯತೆಯನ್ನು ನಿರ್ಣಯಿಸುತ್ತದೆ.

ನಮ್ಮ ಮನೆಯಲ್ಲಿ ಅದರ ಅಗತ್ಯ ಬಂದುದು ಹೀಗೆ. ಮೊಮ್ಮಗ ಈ ವರ್ಷ ಹತ್ತನೆಯ ತರಗತಿ. ಮನೆ ಹಳೆಯದು, ಓದುವುದೂ ಪಡಸಾಲೆಯಲ್ಲಿ, ಟಿವಿಯೂ ಪಡಸಾಲೆಯಲ್ಲಿ. ಸಂಜೆ ಏಳರಿಂದ ಒಂಬತ್ತು ಹುಡುಗನ ಓದಿನ ಹೊತ್ತು. ಅಕ್ಕನವರ ಧಾರಾವಾಹಿಯೂ ಆ ಹೊತ್ತಿನಲ್ಲಿಯೇ. ಕಿವಿ ಮಂದವಾದ ಅವರಿಗೆ ಧ್ವನಿ ಎತ್ತರದಲ್ಲಿರಬೇಕು. ಸೊಸೆ ಒಂದೂ ಮಾತಾಡದೆ ಮಗನನ್ನು ಅಡುಗೆಮನೆಯ ಕಟ್ಟೆಯ ಹತ್ತಿರ ಕೂಡಿಸಿ ಓದಿಸುತ್ತಿದ್ದಳು. ಅಕ್ಕನವರು ಅದನ್ನು ಕಂಡು ಒಂದೂ ಮಾತಾಡದೆ ಧ್ವನಿಯನ್ನು ಪೂರ್ತಿ ತಗ್ಗಿಸಿ ಬರಿಯ ಚಿತ್ರವನ್ನು ನೋಡುತ್ತಿದ್ದರು. ಇಬ್ಬರೂ ಸೈರಣೆಯವರೇ, ಆದರೆ ಇಬ್ಬರ ಸೈರಣೆಯಿಂದ ಮನೆಯಲ್ಲಿ ಮೌನ ಮಾತ್ರ ಬೆಳೆಯುತ್ತಿತ್ತು. ಮಗ ಒಂದು ಉಪಾಯ ಸೂಚಿಸಿದ. ರೆಕಾರ್ಡರ್ ಇರುವ ಬಾಕ್ಸನ್ನೇ ತರೋಣ. ಸಂಜೆಯದನ್ನು ಮುದ್ರಿಸಿಟ್ಟು, ಮರುದಿನ ಮುಂಜಾನೆ ಹನ್ನೊಂದಕ್ಕೆ, ಮನೆ ಖಾಲಿಯಾದಾಗ ದೊಡ್ಡತ್ತೆ ನಿಶ್ಚಿಂತೆಯಿಂದ ನೋಡಲಿ ಎಂದ. ನಮಗೂ ಅದು ನ್ಯಾಯವೆಂದು ಕಂಡಿತು. ಅಕ್ಕನವರನ್ನು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗ ಬೇಕಾಗಿದ್ದು ಧಾರಾವಾಹಿ ಅಲ್ಲೋ ತಮ್ಮಾ. ಅದರ ಮುಂದ ನೀವು ನಾಕು ಮಂದಿ ಬಂದು ಕೂಡತೀರಲ್ಲ, ಅದು ಬೇಕು. ಒಬ್ಬಾಕಿನ ಕುಂತು ನೋಡೂದಾದ್ರ ಗ್ವಾಡಿ ನೋಡಿದ್ರೂ ಅಷ್ಟ” ಎಂದರು.

ಈ ಮಾತನ್ನು ಕೇಳಿದ ಮೇಲೆ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕಾಯಿತು. ಊರಿಗೊಂದು ಪೆಟ್ಟಿಗೆಯಿದ್ದ 1975ರ ಆ ಹಳ್ಳಿಗಳ ಚಿತ್ರ ಆಗ ನಮ್ಮ ಮನಸ್ಸಿಗೆ ಬಂತು. ಅಂದು ಹೊತ್ತು ಒಂದೇ ಇದ್ದುದರಿಂದ ಜನ ಒಂದೆಡೆ ಕೂಡಿದರು. ರೆಕಾರ್ಡರ್ ಪ್ರತಿಯೊಬ್ಬರಿಗೂ ಅವರವರ ಹೊತ್ತನ್ನು ಕೊಡುತ್ತದೆ. ಹಾಗೆ ಕೊಡುತ್ತಲೇ ಒಬ್ಬೊಬ್ಬರನ್ನೂ ಒಂಟಿಯಾಗಿಸಲೂಬಹುದು. ಹೊತ್ತನ್ನು ಸರಿಸಬಲ್ಲ ಯಂತ್ರವನ್ನು ಕೂಡುವ ಹೊತ್ತಿಗೆ ಸರಿಸುವುದೇ ಅದರ ಸದ್ವಿನಿಯೋಗ. ಕೊನೆಗೆ ಹೀಗೆ ಗೊತ್ತಾಯಿತು: ಏಳರಿಂದ ಒಂಬತ್ತರವರೆಗೆ ಪೆಟ್ಟಿಗೆ ಮೌನ, ಒಳಗೆ ಮುದ್ರಣ ಮಾತ್ರ. ಒಂಬತ್ತಕ್ಕೆ ಎಲ್ಲರ ಊಟ. ಊಟವಾದ ಮೇಲೆ ಒಂಬತ್ತೂವರೆಗೆ ಅಕ್ಕನವರ ಧಾರಾವಾಹಿ, ಎಲ್ಲರ ಸಮಕ್ಷಮ. ಜಾಹೀರಾತುಗಳನ್ನು ಮುಂದೆ ಓಡಿಸುವುದರಿಂದ ಅರ್ಧ ಗಂಟೆಯದು ಇಪ್ಪತ್ತು ಇಪ್ಪತ್ತೆರಡು ನಿಮಿಷದಲ್ಲಿ ಮುಗಿಯುತ್ತದೆ. ರಿಮೋಟ್ ಹುಡುಗನ ಕೈಯಲ್ಲಿ; ಕಥೆಯ ಹಿಂದಿನ ಮುಂದಿನ ಸಂಬಂಧವನ್ನು ಅವನಿಗೆ ವಿವರಿಸುವ ಅಧಿಕಾರ ಅಕ್ಕನವರದು. ಅವರ ಕಿವಿಯ ಸಲುವಾಗಿ ಧ್ವನಿ ಎತ್ತರದಲ್ಲಿದ್ದರೂ ಆ ಇಪ್ಪತ್ತು ನಿಮಿಷ ಯಾರಿಗೂ ಬೇಸರವಿಲ್ಲ.

ಕೊನೆಯಲ್ಲಿ, ನಾವು ಬಿಟ್ಟುಬಂದ ತಂತಿಯ ವಿಷಯ. ಕಚೇರಿಯ ಉದಾಸೀನ ಬೇರೆ, ಓಣಿಯಲ್ಲಿ ಏಣಿ ಹೊತ್ತು ತಿರುಗುವವನ ದುಡಿಮೆ ಬೇರೆ. ಇಪ್ಪತ್ತು ವರ್ಷ ಪ್ರತಿ ತಿಂಗಳು ನಮ್ಮ ಮನೆಗೆ ಬಂದು, ನೀರು ಕುಡಿದು, ಹಣ ಪಡೆದು, ಕಂಬ ಹತ್ತಿ ತಂತಿ ಸರಿಪಡಿಸುತ್ತಿದ್ದವನನ್ನು ಹೇಳದೆ ಕೇಳದೆ ಬಿಡುವುದು ಮನುಷ್ಯತ್ವವಲ್ಲ. ಅವನನ್ನು ಕರೆಸಿ ಕಾರಣವನ್ನು ತಿಳಿಸಿ, ಬಾಕಿಯನ್ನು ತೀರಿಸಿ, ಕೇಬಲ್ ಸಂಸ್ಥೆಯ ಬಾಕ್ಸನ್ನು ಒಪ್ಪಿಸಿ ರಸೀದಿ ಪಡೆದೆವು. ಅವನು ಬೇಸರಪಡಲಿಲ್ಲ. ಈಗೀಗ ಮನೆಗಳಿಗೆ ಅಂತರ್ಜಾಲದ ತಂತಿ ಎಳೆಯುವ ಕೆಲಸವೇ ಹೆಚ್ಚೆಂದು ಹೇಳಿ, ಹಳೆಯ ತಂತಿಯನ್ನು ತಾನೇ ಬಿಚ್ಚಿ ಸುತ್ತಿಕೊಂಡು ಹೋದ. ಕೇಬಲ್ ಬಿಡುವ ಎಲ್ಲ ಗೃಹಸ್ಥರೂ ಈ ಮೂರನ್ನು ಪಾಲಿಸಬೇಕೆಂದು ಸೂಚಿಸುತ್ತೇವೆ. ಬಾಕಿ ಉಳಿಸಬಾರದು, ಬಾಕ್ಸನ್ನು ಠೇವಣಿಯ ಮೇಲೆ ಪಡೆದಿದ್ದರೆ ಹಿಂದಿರುಗಿಸಿ ರಸೀದಿ ಪಡೆಯಬೇಕು, ಹೊಸ ಸೇವೆ ಒಂದು ವಾರ ಸರಿಯಾಗಿ ನಡೆದ ಮೇಲೆಯೇ ಹಳೆಯದನ್ನು ಬಿಡಬೇಕು.

ಯಾವ ಕಂಪನಿ ಎಂಬ ಮೊದಲ ಪ್ರಶ್ನೆಗೆ ನಾವು ಹೆಸರು ಹೇಳಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಉದ್ದೇಶಪೂರ್ವಕವಾಗಿಯೇ ಹೇಳಿಲ್ಲ. ನಮ್ಮ ಮಾಳಿಗೆಯ ಆಗ್ನೇಯ ದಿಕ್ಕು ನಿಮ್ಮದಲ್ಲ, ನಮ್ಮ ಹಾಳೆಯ ಒಂಬತ್ತು ವಾಹಿನಿಗಳು ನಿಮ್ಮವಲ್ಲ. ದಿಕ್ಕನ್ನು ನೋಡಿ, ಹಾಳೆಯನ್ನು ಬರೆದು, ದರವನ್ನು ಕೂಡಿಸಿದರೆ ಹೆಸರು ತಾನಾಗಿ ಹೊರಬರುತ್ತದೆ. ರೆಕಾರ್ಡರ್ ಕೊಳ್ಳುವ ಮುನ್ನ ಮಾತ್ರ, ಮನೆಯಲ್ಲಿ ಅತಿ ಹೆಚ್ಚು ಹೊತ್ತು ಟಿವಿಯ ಮುಂದೆ ಕುಳಿತಿರುವವರನ್ನು ಹತ್ತಿರ ಕೂಡಿಸಿಕೊಂಡು, ಅವರಿಗೆ ನಿಜವಾಗಿ ಬೇಕಾದುದು ಏನೆಂದು ಒಮ್ಮೆ ಕೇಳಿರಿ. ಅಂಗಡಿಯಲ್ಲಿ ದೊರೆಯುವ ವಸ್ತುಗಳ ಪಟ್ಟಿಯಲ್ಲಿ ಇಲ್ಲದ ಉತ್ತರ ಬಂದರೆ, ಅದಕ್ಕೂ ಮನೆಯ ದಿನಚರಿಯಲ್ಲಿ ಸ್ಥಳ ಮಾಡಿಕೊಡಿರಿ.